ಆ ವರ್ಷದ ಮಳೆ

ಕಾಫಿ ತೋಟದವರನ್ನು ಬೇರೆ ಯಾವ ವಿಷಯದಲ್ಲಾದರೂ ಒಪ್ಪಿಸಬಹುದು, ಹಳೆಯ ಮಳೆಯ ವಿಷಯದಲ್ಲಿ ಆಗುವುದಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತ ಕೂತ ನಾಲ್ವರ ಎದುರು "ಆ ವರ್ಷ ಎಂಥ ಮಳೆ ಮಾರಾಯ!" ಎಂದು ಒಂದು ಮಾತು ಹಾಕಿದರೆ ಸಾಕು. ಯಾವ ವರ್ಷ ಎಂದು ಯಾರೂ ಕೇಳುವುದಿಲ್ಲ. ಒಬ್ಬರಿಗೆ ಭದ್ರೆ ಉಕ್ಕಿ, ಹೆಬ್ಬಾಳೆ ಸೇತುವೆ ಮುಳುಗಿ, ಹೊರನಾಡಿಗೆ ಹೊರಟವರು ಕಳಸದಲ್ಲೇ ರಾತ್ರಿ ಕಳೆದ ವರ್ಷ ನೆನಪಾಗುತ್ತದೆ. ಇನ್ನೊಬ್ಬರಿಗೆ ಕೊಟ್ಟಿಗೆಯ ಮೇಲೆ ಮರ ಬಿದ್ದು ಗಬ್ಬದ ಹಸು ಸತ್ತ ವರ್ಷ. ಮೂರನೆಯವರಿಗೆ ಕೊಳೆರೋಗ ಬಂದು ಕಾಯಿಯೆಲ್ಲ ನೆಲ ಕಂಡ ವರ್ಷ. ಹತ್ತು ನಿಮಿಷ ಮಾತಾಡಿದ ಮೇಲೆ ಅವೆಲ್ಲ ಒಂದೇ ವರ್ಷದಲ್ಲಿ ಆಗಿದ್ದು ಎಂದು ನಾಲ್ವರೂ ತೀರ್ಮಾನಿಸಿ ಕಾಫಿ ಕುಡಿದು ಏಳುತ್ತಾರೆ. ಅಲ್ಲಿಗೆ ಹಿಂದೆಂದೂ ಇರದಿದ್ದ ಒಂದು ಮಳೆಗಾಲ ಹುಟ್ಟಿರುತ್ತದೆ. ಅದನ್ನು ಮುಂದೆ ಅವರ ಮಕ್ಕಳು ನೆನಪಿಡುತ್ತಾರೆ.

ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಸುಳ್ಳು ಹೇಳುವವನಿಗೆ ನಿಜ ಏನೆಂದು ಗೊತ್ತಿರುತ್ತದೆ. ಇವರಿಗೆ ಗೊತ್ತಿರುವುದೇ ಇದು. ಇಂಗ್ಲಿಷಿನವರು ಇಂಥ ನೆನಪಿನ ಎಡವಟ್ಟುಗಳಿಗೆ ಒಂದೊಂದು ಹೆಸರಿಟ್ಟು ಸಾಲಾಗಿ ಜೋಡಿಸಿದ್ದಾರೆ: ತಪ್ಪಾಗಿ ನೆನೆಯುವುದು ಮಿಸ್‌ರಿಮೆಂಬರಿಂಗ್, ಮರೆತ ಜಾಗವನ್ನು ಮನಸ್ಸು ತಾನೇ ತುಂಬಿಕೊಳ್ಳುವುದು ಕನ್‌ಫ್ಯಾಬ್ಯುಲೇಶನ್, ಬಹಳ ಜನ ಒಟ್ಟಿಗೆ ಒಂದೇ ತಪ್ಪನ್ನು ನೆನಪಿಡುವುದು ಮಂಡೇಲಾ ಎಫೆಕ್ಟ್. ನೆಲ್ಸನ್ ಮಂಡೇಲಾ 1980ರ ದಶಕದಲ್ಲೇ ಜೈಲಿನಲ್ಲಿ ತೀರಿಕೊಂಡರೆಂದು ಎಷ್ಟೋ ಜನ ನಂಬಿದ್ದರು. ಅವರು 1990ರಲ್ಲಿ ಬಿಡುಗಡೆಯಾಗಿ, ಅಧ್ಯಕ್ಷರಾಗಿ, 2013ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಕಡೆ ಇಷ್ಟೊಂದು ಹೆಸರಿಲ್ಲ. ಆದರೆ ಈ ಹೆಸರು ಬೇಡುವ ಸಂಗತಿಗಳೆಲ್ಲ ನಮ್ಮ ಗುಡ್ಡಗಳಲ್ಲಿ ಮಳೆಗಾಲದಷ್ಟೇ ಧಾರಾಳವಾಗಿವೆ.

2019ರ ಆಗಸ್ಟನ್ನೇ ತೆಗೆದುಕೊಳ್ಳಿ. ಆಶ್ಲೇಷ ಮಳೆ. ಶುಕ್ರವಾರ, 9ನೇ ತಾರೀಕು, ವರಮಹಾಲಕ್ಷ್ಮಿ ಹಬ್ಬ. ಆ ದಿನಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಕೊಡಗಿನಲ್ಲಿ ಇದೇ ಆಗಿತ್ತು. ಮಡಿಕೇರಿಯಲ್ಲಿ ಮನೆಯೊಂದು ಇಡಿಯಾಗಿ ಜಾರಿ ಇಳಿದ ದೃಶ್ಯವನ್ನು ನಾವೆಲ್ಲ ಟಿ.ವಿ.ಯಲ್ಲೂ ಮೊಬೈಲಿನಲ್ಲೂ ಮತ್ತೆ ಮತ್ತೆ ನೋಡಿದ್ದೆವು. ಈಗ ನಮ್ಮೂರಿನವರನ್ನು ಕೇಳಿದರೆ ಆ ಮನೆ ಜಾರಿದ್ದು ನಮ್ಮ ತಾಲ್ಲೂಕಿನಲ್ಲೇ. "ನಾವು ಕಣ್ಣಾರೆ ಕಂಡದ್ದಲ್ವಾ!" ಕಂಡದ್ದು ಹೌದು, ಪರದೆಯ ಮೇಲೆ. ಮನಸ್ಸು ದೃಶ್ಯವನ್ನು ಇಟ್ಟುಕೊಂಡಿತು, ಅದು ಎಲ್ಲಿಂದ ಬಂತೆಂಬ ಚೀಟಿಯನ್ನು ಕಳೆದುಕೊಂಡಿತು. ಎರಡು ವರ್ಷದ ಮಳೆ ಸೇರಿ ಒಂದಾಯಿತು. ಅದರ ಮೇಲೆ ಕೊರೋನಾ ಬಂದು ಕೂತು, ಅದಕ್ಕೆ ಮುಂಚಿನದೆಲ್ಲ "ಕೊರೋನಾಕ್ಕೆ ಮೊದಲು" ಎಂಬ ಒಂದೇ ಕಾಲವಾಗಿಬಿಟ್ಟಿತು.

ಇನ್ನೊಂದನ್ನೂ ಗಮನಿಸಿದ್ದೇನೆ. ಮೊದಮೊದಲು ಜನ "ಗುಡ್ಡ ಜರಿಯಿತು", "ಧರೆ ಬಿತ್ತು" ಎನ್ನುತ್ತಿದ್ದರು. ಆಮೇಲೆ ಪೇಪರಿನಲ್ಲಿ, ಟಿ.ವಿ.ಯಲ್ಲಿ ಜಲಸ್ಫೋಟ ಎಂಬ ಮಾತು ಬಂತು. ಅದು ಬಂದ ಮೇಲೆ ಹೇಳುವವರ ಕಥೆಯಲ್ಲಿ ಶಬ್ದ ಹೆಚ್ಚಾಯಿತು. ಗುಡ್ಡ ಇಳಿಯುವಾಗ ಶಬ್ದ ಇರಲಿಲ್ಲ ಎಂದಲ್ಲ, ಖಂಡಿತ ಇತ್ತು. ಆದರೆ ಮೊದಲ ವಾರ "ಏನೋ ಗುಡುಗಿದ ಹಾಗಾಯ್ತು" ಎಂದವರು ವರ್ಷ ಕಳೆದ ಮೇಲೆ "ಬಾಂಬು ಬಿದ್ದ ಹಾಗೆ" ಎನ್ನತೊಡಗಿದರು. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರನ್ನು "ಕಾರುಗಳು ತಾಗಿದಾಗ ಎಷ್ಟು ವೇಗದಲ್ಲಿದ್ದವು" ಎಂದೂ ಕೆಲವರನ್ನು "ಅಪ್ಪಳಿಸಿದಾಗ ಎಷ್ಟು ವೇಗದಲ್ಲಿದ್ದವು" ಎಂದೂ ಕೇಳಿದರು. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ಎಲ್ಲರನ್ನೂ ಕೇಳಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ "ಅಪ್ಪಳಿಸಿದಾಗ" ಎಂಬ ಮಾತು ಕಿವಿಗೆ ಬಿದ್ದವರಲ್ಲಿ ಉಳಿದವರಿಗಿಂತ ಹೆಚ್ಚು ಜನ ಕಂಡೆವೆಂದರು. ಕೇಳುವವನ ಮಾತು ಹೇಳುವವನ ನೆನಪಿನೊಳಗೆ ಹೋಗಿ ಕೂತುಬಿಡುತ್ತದೆ. ಮನೆ ಕಳೆದುಕೊಂಡವರ ಮುಂದೆ ಮೈಕು ಹಿಡಿಯುವವರು ಇದನ್ನು ತಿಳಿದಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಅವರ ಬಳಿ ಉಳಿದಿರುವುದೇ ಆ ನೆನಪು. ಅದನ್ನೂ ನಾವು ತಿದ್ದಿ ಕೊಡಬಾರದು.

ನಮ್ಮ ಬೆಟ್ಟಗಳಲ್ಲಿ ಈ ನೆನಪಿಗೆ ಒಂದು ಎದುರುಸಾಕ್ಷಿ ಇದೆ. ಅದೇ ಮಳೆ ಪುಸ್ತಕ.

ಹಳೆಯ ತೋಟಗಳಲ್ಲಿ, ಮರದ ಹನಿ ಬೀಳದ ಬಯಲು ಜಾಗದಲ್ಲಿ, ಮಳೆ ಅಳೆಯುವ ಪಾತ್ರೆ ಕೂರಿಸಿರುತ್ತಾರೆ. ಮೇಲೊಂದು ಆಲಿಕೆ, ಅದರ ಕೆಳಗೆ ಬಾಟಲಿ. ಬೆಳಿಗ್ಗೆ ಎಂಟೂವರೆಗೆ ತೋಟದ ಲೆಕ್ಕ ಬರೆಯುವ ರೈಟರು ಬಂದು ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ಓದುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ತೋಟದವರು ಇಂಚು-ಸೆಂಟು ಬಿಟ್ಟಿಲ್ಲ. "ನಿಮ್ಮಲ್ಲಿ ಎಷ್ಟಾಯ್ತು?" "ಮೂರು ಇಂಚು ಇಪ್ಪತ್ತು ಸೆಂಟು." ಬೆಳಗಿನ ಫೋನಿನಲ್ಲಿ ಕುಶಲ ಕೇಳುವುದಕ್ಕೂ ಮೊದಲು ಈ ಮಾತು ಬರುತ್ತದೆ. ಆಶ್ಲೇಷ, ಪುಷ್ಯದ ಹುಚ್ಚುಮಳೆಯಲ್ಲಿ ಬಾಟಲಿ ತುಂಬಿ ಹೊರಗಿನ ಪಾತ್ರೆಗೂ ನೀರು ಚೆಲ್ಲಿರುತ್ತದೆ. ಅದನ್ನೂ ಬಗ್ಗಿಸಿ ಅಳೆದು ಕೂಡಿಸಬೇಕು. ಗೊರಬು ಹೊದ್ದ ಬೆನ್ನಿನ ಮೇಲೆ ಮಳೆ ಬಡಿಯುತ್ತಿರುವಾಗ, ಅಳತೆಯ ಗಾಜಿನೊಳಕ್ಕೆ ಹೊಸ ಹನಿ ಬೀಳದಂತೆ ಅಂಗೈ ಅಡ್ಡ ಹಿಡಿದು ಗೆರೆ ಓದುವ ರೈಟರನ್ನು ಕಂಡವರಿಗೆ ಆ ಅಂಕಿಯ ಮೇಲೆ ಗೌರವ ಬರುತ್ತದೆ.

ಈ ಎಂಟೂವರೆಯಲ್ಲೇ ಒಂದು ತೊಡಕಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ನಿನ್ನೆ ಬೆಳಿಗ್ಗೆ ಎಂಟೂವರೆಯಿಂದ ಇವತ್ತು ಎಂಟೂವರೆವರೆಗೆ ಬಿದ್ದದ್ದು ಇವತ್ತಿನ ತಾರೀಕಿಗೆ. ಕೆಲವು ತೋಟಗಳಲ್ಲಿ ಅದನ್ನೇ ಹಿಂದಿನ ದಿನದ ತಾರೀಕಿಗೆ ಬರೆಯುವ ರೂಢಿ, ಬಿದ್ದದ್ದು ನಿನ್ನೆಯಲ್ಲವೇ ಎಂದು. ಹೀಗಾಗಿ ಎಂಟನೇ ತಾರೀಕು ರಾತ್ರಿ ಸುರಿದ ಮಳೆ ಒಂದು ತೋಟದ ಪುಸ್ತಕದಲ್ಲಿ ಎಂಟಕ್ಕೂ ಪಕ್ಕದ ತೋಟದಲ್ಲಿ ಒಂಬತ್ತಕ್ಕೂ ಇರುತ್ತದೆ. ಎರಡೂ ಸರಿ. ಮನುಷ್ಯರ ನೆನಪುಗಳ ನಡುವಿನ ಎಷ್ಟೋ ಜಗಳಗಳು ಇಷ್ಟೇ ಎಂದು ನನಗೆ ತೋರುತ್ತದೆ: ಒಂದೇ ರಾತ್ರಿಯನ್ನು ಒಬ್ಬರು ಮಲಗಿದ ದಿನಕ್ಕೆ ಸೇರಿಸುತ್ತಾರೆ, ಇನ್ನೊಬ್ಬರು ಎದ್ದ ದಿನಕ್ಕೆ.

ನಮ್ಮ ದೊಡ್ಡಪ್ಪನವರು ತಮ್ಮ ಕೈಯಾರೆ ಮಳೆ ಬರೆದವರು. ಉದ್ದನೆಯ ಲೆಡ್ಜರು, ರಟ್ಟಿನ ಮೂಲೆಗಳನ್ನು ಜಿರಲೆ ತಿಂದಿದೆ. ಒಂದು ಪುಟಕ್ಕೆ ಒಂದು ವರ್ಷ. ಅಡ್ಡಕ್ಕೆ ತಿಂಗಳು, ಉದ್ದಕ್ಕೆ ತಾರೀಕು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಕೆಂಪಿ ಕರು ಹಾಕಿತು", "ಬೋರ್ಡೋ ಮುಗಿಯಿತು", "ಕರೆಂಟು ಹೋಗಿ ಏಳನೇ ದಿನ", "ಹೂ". ಈ "ಹೂ" ಎಂಬ ಒಂದಕ್ಷರಕ್ಕಾಗಿಯೇ ತೋಟದವನ ಮುಕ್ಕಾಲು ವರ್ಷದ ಕಾಯುವಿಕೆ. ಫೆಬ್ರವರಿ, ಮಾರ್ಚಿನ ಬಿಸಿಲಲ್ಲಿ ಮೊಗ್ಗು ಕಟ್ಟಿ ನಿಂತ ಕಾಫಿಗೆ ಸುಮಾರು ಒಂದು ಇಂಚು ಹದವಾದ ಮಳೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ಗುಡ್ಡವೆಲ್ಲ ಬೆಳ್ಳಗಾಗುತ್ತದೆ. ಅದು ಹೂಮಳೆ. ಅದಾಗಿ ಎರಡು-ಮೂರು ವಾರಕ್ಕೆ ಕಾಯಿ ನಿಲ್ಲಲು ಇನ್ನೊಂದು ಮಳೆ ಬೇಕು. ಅದನ್ನು ಬ್ಯಾಕಿಂಗ್ ಮಳೆ ಎನ್ನುತ್ತೇವೆ.

"ನಮ್ಮ ಕಾಲದಲ್ಲಿ ಶಿವರಾತ್ರಿ ಕಳೀತು ಅಂದ್ರೆ ಹೂಮಳೆ ಬಂತು ಅಂತಲೇ ಲೆಕ್ಕ. ಒಂದು ವರ್ಷ ತಪ್ಪಿದ್ದಿಲ್ಲ" ಎಂದು ದೊಡ್ಡಪ್ಪ ಯಾವಾಗಲೂ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಅವರ ಲೆಡ್ಜರನ್ನೇ ಇಬ್ಬರೂ ಕೂತು ತಿರುವಿದೆವು. ತಪ್ಪದೆ ಬಂದ ವರ್ಷಗಳಿದ್ದವು. ತಪ್ಪಿದ ವರ್ಷಗಳೂ ಇದ್ದವು. ಮಾರ್ಚಿನ ಅಂಕಣ ಪೂರ್ತಿ ಖಾಲಿ, ಅಂಚಿನಲ್ಲಿ ಪೆನ್ಸಿಲಿನಲ್ಲಿ "ಮೊಗ್ಗು ಒಣಗಿದೆ", "ಹೊಳೆಯಿಂದ ಸ್ಪ್ರಿಂಕ್ಲರ್ ಹಾಕಿದೆ". ದೊಡ್ಡಪ್ಪ ಕನ್ನಡಕ ಮೇಲೇರಿಸಿ, ಪುಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, "ಅಕ್ಷರ ನಂದೇ. ಆದ್ರೆ ಹಾಗಿರಲಿಲ್ಲ ಮಗಾ" ಎಂದರು.

ಈ ಮಾತನ್ನು ಕೇಳಿದ್ದು ಅವರಿಂದ ಮಾತ್ರವಾಗಿದ್ದರೆ ಮುಪ್ಪಿನ ಹಟ ಎಂದುಕೊಳ್ಳುತ್ತಿದ್ದೆನೇನೋ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದಾಗ, ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿ ಮಾರನೇ ಬೆಳಿಗ್ಗೆಯೇ ವಿದ್ಯಾರ್ಥಿಗಳ ಕೈಯಲ್ಲಿ ಬರೆಸಿಟ್ಟರು: ಸುದ್ದಿ ಕೇಳಿದಾಗ ಎಲ್ಲಿದ್ದೆ, ಯಾರು ಹೇಳಿದರು, ಏನು ಮಾಡುತ್ತಿದ್ದೆ. ಎರಡೂವರೆ ವರ್ಷ ಬಿಟ್ಟು ಅವರನ್ನೇ ಮತ್ತೆ ಕೇಳಿದರು. ಹಲವರ ಎರಡನೇ ಉತ್ತರಕ್ಕೂ ಮೊದಲ ಉತ್ತರಕ್ಕೂ ಸಂಬಂಧವೇ ಇರಲಿಲ್ಲ. ಹೇಳುವ ಧೈರ್ಯ ಮಾತ್ರ ಒಂದಿಷ್ಟೂ ಕಡಿಮೆಯಿರಲಿಲ್ಲ. ಅವರದೇ ಕೈಬರಹ ತೋರಿಸಿದಾಗಲೂ ಹೊಸ ನೆನಪನ್ನು ಬಿಟ್ಟುಕೊಡಲಿಲ್ಲ. ಇಪ್ಪತ್ತರ ಹರೆಯದವರ ಕಥೆ ಇದು. ನಾವು "ಕಣ್ಣಿಗೆ ಕಟ್ಟಿದ ಹಾಗಿದೆ" ಎಂದು ಆಣೆ ಹಾಕುವ ನೆನಪುಗಳೇ ಹೆಚ್ಚು ಸಲ ಹೇಳಿದವು, ಹೇಳಿದಷ್ಟು ಸಲವೂ ಒಂದಿಷ್ಟು ತಿದ್ದಿದವು.

ದೊಡ್ಡಪ್ಪನವರ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಮಳೆಯ ರೀತಿ ಬದಲಾಗಿದೆ ಎಂದು ನಮಗೆಲ್ಲ ಮೈಮೇಲಿನ ಅನುಭವ. ಆದರೆ ಎಷ್ಟು ಬದಲಾಗಿದೆ, ಯಾವ ತಿಂಗಳಲ್ಲಿ ಬದಲಾಗಿದೆ, ಎಷ್ಟು ಮಳೆಯದು, ಎಷ್ಟು ನಮ್ಮ ಮನಸ್ಸಿನದು ಎಂದು ಬಿಡಿಸಿ ಹೇಳಬಲ್ಲದ್ದು ಆ ಜಿರಲೆ ತಿಂದ ಲೆಡ್ಜರೇ. ಒಳ್ಳೆಯ ಹೂಮಳೆ ಬಂದ ವರ್ಷದ ಘಮ ಮನಸ್ಸಿನಲ್ಲಿ ಉಳಿಯುತ್ತದೆ. ಬಾರದ ವರ್ಷಕ್ಕೆ ಘಮವಿಲ್ಲ, ಹಾಗಾಗಿ ಅದು ಉಳಿಯುವುದಿಲ್ಲ.

ಕಾಣದ್ದನ್ನೇ ಕಂಡಂತೆ ನೆನೆಯುವುದೂ ಉಂಟು. ಅದಕ್ಕಾಗಿ ಇಂದಿರಾ ಗಾಂಧಿಯವರ ವಿಷಯಕ್ಕೆ ಬರುತ್ತೇನೆ. 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನದಲ್ಲಿ ಇಂದಿರಾ ಗಾಂಧಿ ನಿಂತರು, ಎದುರಿಗೆ ವೀರೇಂದ್ರ ಪಾಟೀಲರು. 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನಮ್ಮ ಜಿಲ್ಲೆಯಲ್ಲಿ ಆ ಚುನಾವಣೆ ಒಂದು ಮೈಲಿಗಲ್ಲು. ಹುಟ್ಟು, ಸಾವು, ಮನೆ ಕಟ್ಟಿದ್ದು ಎಲ್ಲ "ಇಂದಿರಾಗಾಂಧಿ ನಿಂತಾಗ" ಎಂಬುದರ ಹಿಂದೆ ಮುಂದೆ. ನನ್ನ ಚಿಕ್ಕಮ್ಮ ಇಂದಿರಾ ಗಾಂಧಿಯನ್ನು ಕಂಡದ್ದನ್ನು ಬಣ್ಣಿಸುವ ರೀತಿ ನೋಡಬೇಕು. ಅಪ್ಪನ ಹೆಗಲ ಮೇಲೆ ಕೂತಿದ್ದು, ತಲೆಯ ಮೇಲೆ ಸೆರಗು, ಕೂದಲಿನ ಬಿಳಿ ಪಟ್ಟಿ, ಜೀಪಿನಿಂದ ಬೀಸಿದ ಕೈ. ಚಿಕ್ಕಮ್ಮ ಹುಟ್ಟಿದ್ದು ಆ ಚುನಾವಣೆ ಮುಗಿದ ಮೇಲೆ ಎಂದು ಶಾಲೆಯ ದಾಖಲೆ ಹೇಳುತ್ತದೆ. ಹೆಗಲ ಮೇಲೆ ಕೂತಿದ್ದು ಅವರ ಅಕ್ಕ.

ಆದರೆ ಶಾಲೆಯ ದಾಖಲೆಯನ್ನು ಎತ್ತಿ ಹಿಡಿದು ಚಿಕ್ಕಮ್ಮನ ಬಾಯಿ ಮುಚ್ಚಿಸಲೂ ನಾನು ಹೋಗುವುದಿಲ್ಲ. ಆ ಕಾಲದ ದಾಖಲೆಗಳಲ್ಲಿ ಅರ್ಧ ಊರೇ ಜೂನಿನಲ್ಲಿ ಹುಟ್ಟಿದೆ. ಮೇಷ್ಟ್ರು ಮಗುವಿನ ಹಲ್ಲು ನೋಡಿ, ಕೈಯಿಂದ ಕಿವಿ ಮುಟ್ಟಿಸಿ, ಒಂದನೇ ತರಗತಿಗೆ ಸೇರಲು ಬೇಕಾದ ವಯಸ್ಸನ್ನು ತಾವೇ ಬರೆದುಕೊಂಡರು. ಮಳೆ ಪುಸ್ತಕದಲ್ಲೂ ರೈಟರು ಜಾತ್ರೆಗೆ ಹೋದ ದಿನದ ಅಂಕಿ ಅಂದಾಜಿನದು. ಕಾಗದವೂ ತಪ್ಪಾಗಿ ನೆನಪಿಡುತ್ತದೆ. ಒಂದೇ ವ್ಯತ್ಯಾಸ: ಕಾಗದ ಒಂದು ಸಲ ತಪ್ಪಿದರೆ ಅಲ್ಲೇ ನಿಲ್ಲುತ್ತದೆ, ಪಕ್ಕದ ತೋಟದ ಪುಸ್ತಕ ಇಟ್ಟು ಆ ತಪ್ಪನ್ನು ಹಿಡಿಯಬಹುದು. ನೆನಪು ಪ್ರತಿ ಸಲ ಹೊಸದಾಗಿ ತಪ್ಪುತ್ತದೆ.

ಇಲ್ಲಿ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ಇಷ್ಟು ಹೊತ್ತು ಹೇಳಿದ್ದು ನಮ್ಮೆಲ್ಲರ ಸಹಜ ನೆನಪಿನ ಕಥೆ. ನನ್ನ ಅಜ್ಜಿಯದು ಅದಲ್ಲ. ಕೊನೆಯ ವರ್ಷಗಳಲ್ಲಿ ಅವರು ಅಮ್ಮನನ್ನು ತಮ್ಮ ತಂಗಿಯ ಹೆಸರಿನಿಂದ ಕರೆಯತೊಡಗಿದರು. ಬೆಳಿಗ್ಗೆ ಹೊರನಾಡಿಗೆ ಹೋಗಿ ಊಟ ಮಾಡಿ ಬಂದೆ ಎಂದು, ಹಾಸಿಗೆಯಲ್ಲಿ ಕೂತೇ, ಅಲ್ಲಿ ಬಡಿಸಿದ ಪಾಯಸದ ರುಚಿ ಸಮೇತ ಹೇಳುತ್ತಿದ್ದರು. "ಇಲ್ಲ ಅಜ್ಜಿ, ನೀವು ಎಲ್ಲೂ ಹೋಗಿಲ್ಲ" ಎಂದರೆ ಅವರ ಮುಖ ಬೆದರಿದ ಮಗುವಿನದಾಗುತ್ತಿತ್ತು. "ಪಾಯಸ ಸಿಹಿ ಇತ್ತಾ ಅಜ್ಜಿ?" ಎಂದು ಕೇಳಿದರೆ ಅರಳುತ್ತಿತ್ತು. "ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ನಂಬಿ ನಮ್ಮ ಮನೆಗಳಲ್ಲಿ ಇದನ್ನು ವಯಸ್ಸಿನ ಸಹಜ ಗುಣವೆಂದು ಬಿಟ್ಟುಬಿಡುತ್ತಾರೆ. ಸಹಜವಲ್ಲ. ಡಿಮೆನ್ಶಿಯಾ ಮಿದುಳಿನ ಕಾಯಿಲೆ. ಬೇಗ ವೈದ್ಯರಿಗೆ ತೋರಿಸಿದರೆ ಸ್ವಲ್ಪವಾದರೂ ನೆಮ್ಮದಿ ಕೊಡಬಹುದು, ಮರೆವು ತರುವ ಬೇರೆ ಕಾರಣವಿದ್ದರೆ ಗುಣವೂ ಆಗಬಹುದು. ತೋಟದ ಮನೆಗಳು ದೂರ ದೂರ, ಪೇಟೆಗೆ ಹೋಗುವುದೇ ಒಂದು ದಿನದ ಕೆಲಸ. ಆದರೂ ಆ ಗಾದೆಯನ್ನು ನಾವು ಕೈಬಿಡಬೇಕು.

ಇನ್ನು ಇಡೀ ಬೆಟ್ಟಸೀಮೆಯ ನೆನಪು. ಚಂದ್ರದ್ರೋಣ ಪರ್ವತಕ್ಕೆ ಸಂತ ಬಾಬಾ ಬುಡನ್ ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದರು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸೊಂಟಕ್ಕೆ ಕಟ್ಟಿಕೊಂಡು ತಂದರೆಂದು ಕೆಲವರು, ಊರುಗೋಲಿನೊಳಗೆ ಎಂದು ಕೆಲವರು, ಗಡ್ಡದಲ್ಲಿ ಎಂದು ಇನ್ನು ಕೆಲವರು. 1600 ಎಂದು ಒಂದು ಪುಸ್ತಕದಲ್ಲಿ, 1670 ಎಂದು ಇನ್ನೊಂದರಲ್ಲಿ. ಎಪ್ಪತ್ತು ವರ್ಷದ ಅಂತರ ಸಣ್ಣದಲ್ಲ. ಅದು ಎರಡು-ಮೂರು ತಲೆಮಾರು. ಡಚ್ಚರು 1696ರಲ್ಲಿ ಮಲಬಾರ್ ಕರಾವಳಿಯಿಂದ ಜಾವಾಕ್ಕೆ ಕಾಫಿ ಗಿಡ ಒಯ್ದರೆಂಬುದು ಕಾಫಿಯ ಚರಿತ್ರೆಯಲ್ಲಿ ಎಲ್ಲರೂ ಹೇಳುವ ಮಾತು. ಅಂದರೆ ಅಷ್ಟು ಹೊತ್ತಿಗೆ ಈ ಕಡೆ ಗಿಡ ಬೇರೂರಿತ್ತು. ಹುರಿದ ಬೀಜ ಮೊಳೆಯದು, ಹಸಿ ಬೀಜದ ಜೀವವೂ ಕೆಲವೇ ತಿಂಗಳು. ತಂದವರು ಯಾರೇ ಆಗಲಿ, ಬೀಜದ ಗುಣ ತಿಳಿದು, ಕಡಲ ದಾರಿಯಲ್ಲಿ ಕಾಪಾಡಿಕೊಂಡು, ಬಂದ ಕೂಡಲೇ ನೆಟ್ಟವರು. ಬೀಜ ಏಳೇ ಇದ್ದವೋ ಎಂಬುದಕ್ಕಿಂತ ಆ ಎಚ್ಚರವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಬಾಯಿಂದ ಬಾಯಿಗೆ ಹೋಗುವ ಕಥೆ ಏನಾಗುತ್ತದೆಂದು ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಪುಸ್ತಕ ಬರೆದು ತೋರಿಸಿದರು. ಕೇಳಿದವರು ತಮಗೆ ಅರ್ಥವಾಗದ್ದನ್ನು ಬಿಡುತ್ತಾರೆ, ತಮ್ಮ ಕಡೆಯದನ್ನು ಸೇರಿಸುತ್ತಾರೆ, ಕಥೆ ಗಿಡ್ಡವಾಗುತ್ತ ನುಣುಪಾಗುತ್ತ ಬರುತ್ತದೆ. ಏಳು ಬೀಜ, ಒಬ್ಬ ಸಂತ, ಒಂದು ಬೆಟ್ಟ. ಇದಕ್ಕಿಂತ ನುಣುಪು ಇನ್ನೇನಿದೆ! ಹಾಗೆ ನುಣುಪಾಗದ ಸಂಗತಿಗಳು ಮರೆತೇ ಹೋಗುತ್ತವೆ. ಎಲೆ ತುಕ್ಕುರೋಗ ಬಂದು ಹಳೆಯ ಕಾಫಿ ತಳಿ ಸಾಯುತ್ತಿದ್ದಾಗ, ಚಿಕ್ಕಮಗಳೂರು ಸೀಮೆಯ ದೊಡ್ಡೇನಗುಡ್ಡ ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರು 1911ರ ಸುಮಾರಿಗೆ ರೋಗಕ್ಕೆ ಬಗ್ಗದ ಗಿಡವನ್ನು ಗುರುತಿಸಿದರು. ಅದೇ ಕೆಂಟ್ಸ್ ತಳಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಆರ್.ಎಲ್. ನರಸಿಂಹಸ್ವಾಮಿಯವರು ಕೆಂಟ್ಸನ್ನು ಎಸ್.288 ಎಂಬ ತಳಿಯ ಜೊತೆ ಕೂಡಿಸಿ ಮಾಡಿದ ತಳಿ 1940ರ ದಶಕದಲ್ಲಿ ತೋಟಗಳಿಗೆ ಬಂತು. ಅದೇ ಎಸ್.795. ನಮ್ಮ ಬೆಟ್ಟಗಳ ಅರೇಬಿಕಾದಲ್ಲಿ ದೊಡ್ಡ ಪಾಲು ಇವತ್ತಿಗೂ ಅದೇ. "ಸೆವೆನ್ ನೈಂಟಿ ಫೈವ್ ಇದೆ ನಮ್ಮಲ್ಲಿ" ಎಂದು ದಿನವೂ ಹೇಳುವ ತೋಟದವರಲ್ಲಿ ಅದನ್ನು ಮಾಡಿದವರ ಹೆಸರು ಬಲ್ಲವರು ಬೆರಳೆಣಿಕೆಯಷ್ಟು. ಏಳು ಬೀಜ ತಂದವರನ್ನು ನೆನೆಯುವ ನಾವು ಇವರನ್ನು ಮರೆತದ್ದು ಸರಿಯಲ್ಲ.

ಅವರಿಗಾದರೂ ಒಂದು ನಂಬರು ಉಳಿಯಿತು. ಹಣ್ಣು ಕುಯ್ದವರಿಗೆ, ಸಿಲ್ವರ್ ಮರ ಹತ್ತಿ ಮರಗಸಿ ಮಾಡಿದವರಿಗೆ, ಘಟ್ಟದ ಕೆಳಗಿನಿಂದ ತುಳು ಮಾತಾಡುತ್ತ ಬಂದು ಕಾರ್ಮಿಕರ ಲೈನಿನ ಮನೆಗಳಲ್ಲಿ ಮುದುಕರಾದವರಿಗೆ ಚೆಕ್‌ರೋಲಿನ ಹಾಜರಿ ಬಿಟ್ಟರೆ ಬರಹದಲ್ಲಿ ಜಾಗವಿಲ್ಲ. ಅವರ ನೆನಪಿಗೆ ತಾರೀಕಿಲ್ಲ. "ಪಲ್ಪರ್ ಮನೆ ಕಟ್ಟಿದ ವರ್ಷ ಇವ ಹುಟ್ಟಿದ್ದು ಅಮ್ಮಾ", "ಆನೆ ಬಂದ ವರ್ಷ ನನ್ನ ಗಂಡ ಹೋದ್ರು" ಎನ್ನುತ್ತಾರೆ. ಗುಡ್ಡ ಜರಿದ ಮೇಲೆ ಅರ್ಜಿ ತುಂಬಲು ಹೋದ ಇಂಥ ಒಬ್ಬರನ್ನು, ಘಟನೆ ನಡೆದ ದಿನ ಯಾವುದು ಎಂದು ಕಚೇರಿಯೊಂದರಲ್ಲಿ ಗದರಿದ್ದನ್ನು ಕಂಡಿದ್ದೇನೆ. "ಹಬ್ಬದ ದಿನ ಸ್ವಾಮಿ, ಕಳಶ ಇಟ್ಟಿದ್ದೆವು" ಎಂದು ಅವರು ಹೇಳಿದರು. ಅದಕ್ಕಿಂತ ಖಚಿತವಾದ ತಾರೀಕು ಇರಲು ಸಾಧ್ಯವೇ? ಪಂಚಾಂಗ ತೆರೆದರೆ ಅಂಕಿ ತಾನೇ ಸಿಗುತ್ತಿತ್ತು.

ಆದ್ದರಿಂದ ತೋಟದ ಮನೆಗಳಲ್ಲಿರುವವರನ್ನು ಕೇಳಿಕೊಳ್ಳುತ್ತೇನೆ. ಅಟ್ಟದ ಮೇಲೆ, ಹಳೆಯ ಆಫೀಸಿನ ಬೀರುವಿನಲ್ಲಿ ಮಳೆ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ. ಒಂದೊಂದು ಪುಟವನ್ನೂ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಅಂಚಿನ ಟಿಪ್ಪಣಿ ಕತ್ತರಿಸಿ ಹೋಗದಂತೆ ನೋಡಿಕೊಳ್ಳಿ. ಅಳತೆಯ ಗಾಜು ಒಡೆದು ಬರೆಯುವುದು ನಿಂತಿದ್ದರೆ ಹೊಸದೊಂದನ್ನು ತಂದು ಈ ಮಳೆಗಾಲದಿಂದಲೇ ಶುರು ಮಾಡಿ; ಯಾವ ತಾರೀಕಿಗೆ ಬರೆಯುವ ರೂಢಿ ನಿಮ್ಮದು ಎಂಬುದನ್ನು ಮೊದಲ ಪುಟದಲ್ಲಿ ಬರೆದಿಡಿ. ಅದರ ಪಕ್ಕದಲ್ಲಿ ಇನ್ನೊಂದು ನೋಟ್ ಪುಸ್ತಕ ಇಟ್ಟು, ಲೈನಿನ ಮನೆಯ ಹಿರಿಯರನ್ನು ಕೂರಿಸಿ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಅಲ್ಲಿ ತಿದ್ದಲು ಹೋಗಬೇಡಿ.